ಎರವಲು ಸೀಸೆ

ಮಗ್ಗದ ಕೆಳಗಿನ ಕುಣಿಗೆ ಇಳಿಯುವಾಗ ತರಚಿದ ಅಂದಾನಪ್ಪನ ಕಾಲ್ಬೆರಳು ತಿಂಗಳಾದರೂ ಮಾಯಲಿಲ್ಲ. ಇಳಕಲ್ಲಿನ ದವಾಖಾನೆಯ ಡಾಕ್ಟರು, "ನಾಳೆ ಮುಂಜಾನೆ ಸೀಸೇದಾಗ ಮೂತ್ರ ಹಿಡಕೊಂಡು ಬಾ. ಸಕ್ರಿ ಬ್ಯಾನಿ ಐತೇನು ನೋಡೂಣು," ಎಂದರು.

ಸುದ್ದಿ ಅವನಿಗಿಂತ ಮೊದಲೇ ಓಣಿ ಮುಟ್ಟಿತ್ತು. "ಸಕ್ರಿ ಸಿಕ್ತಂದ್ರ ಮುಗೀತು ನೋಡ್ಲೇ," ಎಂದ ಪಕ್ಕದ ಮನೆಯ ರಾಜಮಹ್ಮದ. "ನಿನ್ನ ಕರದಂಟು ಇನ್ನ ನಾನ ತಿನ್ನಬೇಕು."

ಅಂದಾನಪ್ಪನ ಎದೆ ಎಳೆ ಕಡಿದ ಮಗ್ಗದಂತೆ ಗಕ್ಕನೆ ನಿಂತಿತು. ಅಮೀನಗಡದ ಬೆಲ್ಲದ ಕರದಂಟಿಲ್ಲದೆ ಅವನಿಗೆ ಉಂಡದ್ದು ಉಂಡಂತಾಗುತ್ತಿರಲಿಲ್ಲ.

ಬೆಳಗ್ಗೆ ಹೆಂಡತಿಯ ಮುಂದೆ ಖಾಲಿ ಸೀಸೆ ಹಿಡಿದು ನಿಂತ. "ಸಾವಿತ್ರಿ, ನೀ ಸಿಹಿ ಮುಟ್ಟಾಕಿ ಅಲ್ಲ. ಇದನ್ನಷ್ಟು ತುಂಬಿಸಿ ಕೊಡು."

"ನಿಮ್ಮ ಬುದ್ಧಿಗೆ ಏನ್ ಹೇಳ್ಲಿ," ಎನ್ನುತ್ತ ಸಾವಿತ್ರೆವ್ವ ಸೀಸೆ ಕಸಿದುಕೊಂಡಳು.

ದವಾಖಾನೆಯಲ್ಲಿ ಡಾಕ್ಟರು ಗಾಜಿನ ನಳಿಗೆಯ ನೀಲಿ ನೀರಿಗೆ ಸೀಸೆಯಿಂದ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಳಕಲ್ ಸೀರೆಯ ಸೆರಗಿನಂಥ ಕೆಂಪು. ಅಂದಾನಪ್ಪ ಬಾಯಿ ತೆರೆದು ನೋಡಿದ. ಮೂರು ತಲೆಮಾರು ನೂಲಿಗೆ ಬಣ್ಣ ಹಾಕಿದ ಮನೆತನ. ಎಂಟು ಹನಿಯಲ್ಲಿ ಇಂಥ ಬಣ್ಣ ಅವನಪ್ಪನಿಗೂ ಬಂದಿರಲಿಲ್ಲ.

"ಭಾಳ ಸಕ್ರಿ ಐತಿ," ಎಂದರು ಡಾಕ್ಟರು. "ಪದೇ ಪದೇ ನೀರಡಿಕಿ ಆಗ್ತೈತೇನು? ಅಂಗಾಲು ಉರೀತಾವೇನು?"

ಅಂದಾನಪ್ಪನಿಗೆ ಆಗ ನೆನಪಾಯಿತು. ತಂಬಿಗೆಗಟ್ಟಲೆ ನೀರು ಕುಡಿದು "ಬ್ಯಾಸಗಿ ಅಲ್ಲೇನ್ರಿ" ಎನ್ನುತ್ತಿದ್ದವಳು, ದಿನಾ ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವಳು ಸಾವಿತ್ರೆವ್ವ.

"ಸಾಹೇಬ್ರ, ಇದು ನನ್ನದಲ್ರಿ. ನನ್ನ ಹೆಂಡತೀದು."

ಸಾಲಿನಲ್ಲಿ ಕುಳಿತವರು ನಕ್ಕರು. ಡಾಕ್ಟರು ನಗಲಿಲ್ಲ. "ನೀ ಸುಳ್ಳು ಹೇಳಿದ್ರೂ ಸೀಸೆ ಖರೆ ಹೇಳೇತಿ. ಹಿಂಗ ಬಿಟ್ಟಿದ್ರ ಮುಂದ ಕಣ್ಣಿಗೇ ಬರ್ತಿತ್ತು. ಈಗ ಗುಳಿಗಿ, ಪಥ್ಯದಾಗ ಹತೋಟಿಗೆ ತರಬೌದು. ಆಕೀನ್ನ ಕರಕೊಂಡು ಬಾ. ಅದಕ್ಕೂ ಮೊದಲ ನಿಂದು ಕೊಡು."

ಅವನದು ಎಷ್ಟು ಕಾಸಿದರೂ ನೀಲಿಯಾಗಿಯೇ ಉಳಿಯಿತು. "ನಿನಗ ಸಕ್ರಿ ಇಲ್ಲ. ಬೆರಳಿಗೆ ಹರಕ ಅರಿವಿ ಸೈತ ಕಟ್ಟದ ಕುಣಿ ಧೂಳಾಗ ಇಳೀತಿ. ಗಾಯ ಹೆಂಗ ಮಾಯಬೇಕು?" ಎಂದು ಡಾಕ್ಟರು ಗದರಿದರು.

ಮಧ್ಯಾಹ್ನ ಸಾವಿತ್ರೆವ್ವನನ್ನು ತೋರಿಸಿ, ಗುಳಿಗೆ ಕೊಡಿಸಿ ಮನೆಗೆ ಬಂದಾಗ ಅಂದಾನಪ್ಪನ ಎದೆ ಹಗುರಾಗಿತ್ತು. ಕಾಲು ತೊಳೆದುಕೊಂಡು, ಆ ನೀಲಿ ನೀರಿಗೆ ಮನಸ್ಸಿನಲ್ಲೇ ಕೈಮುಗಿದು, ಕರದಂಟಿನ ಡಬ್ಬಿಯಿಡುವ ಗೋಡೆಗೂಡಿಗೆ ಕೈ ಚಾಚಿದ. ಗೂಡು ಖಾಲಿ. ಹೊರಗೆ ಕಟ್ಟೆಯ ಮೇಲೆ ರಾಜಮಹ್ಮದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಾಡಿಸುತ್ತಿದ್ದ.

"ನನಗ ಸಕ್ರಿ ಇಲ್ಲಂತ ಡಾಕ್ಟರು ಹೇಳ್ಯಾರಲ್ಲ," ಎಂದ ಅಂದಾನಪ್ಪ, ಅಳುವ ದನಿಯಲ್ಲಿ.

ಸಾವಿತ್ರೆವ್ವ ಸಕ್ಕರೆಯಿಲ್ಲದ ಚಹಾ ತಂದು ಅವನ ಮುಂದಿಟ್ಟಳು. "ಡಬ್ಬಿ ನಾನ ಕೊಟ್ಟೀನ್ರಿ. ನನ್ನ ಸೀಸೆ ನಿಮ್ಮ ಹೆಸರಿನ್ಯಾಗ ಹೋತು. ನನ್ನ ಪಥ್ಯಾನೂ ನಿಮ್ಮ ಹೆಸರಿನ್ಯಾಗ ಇರಲಿ."