ಆಚೆ ದಡದ ಹಸಿರು ಬಟನ್ನು

ಹೊಳೆ ದಂಡೆಯಲ್ಲಿ ಮನೆ ಇದ್ದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಇನ್ನು ಸಾಕಪ್ಪಾ ಅಂತ ನಾನು ಹೇಳಿಕೊಳ್ಳುತ್ತಲೇ ಬಂದಿದ್ದೇನೆ. ಹೊಳೆ ಕೇಳುವುದಿಲ್ಲ, ಪಂಚಾಯ್ತಿಯವರು ಕೇಳುವುದಿಲ್ಲ, ಮನೆಯಾಕೆ ಕೇಳಿಸಿಕೊಂಡರೂ ಕೇಳಿಸದವಳಂತೆ ಇರುತ್ತಾಳೆ. ನಾನು ಊರಿನ ನೀರುಗಂಟಿ. ಅಂದರೆ ಮೋಟ್ರು ಹಾಕಿ, ಟ್ಯಾಂಕ್ ತುಂಬಿಸಿ, ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವವನು. ನೀರು ಬಂದ ದಿನ ನನ್ನನ್ನು ಯಾರೂ ನೆನೆಯುವುದಿಲ್ಲ. ಬಾರದ ದಿನ ನನ್ನನ್ನು, ನಮ್ಮಪ್ಪನನ್ನು, ನಮ್ಮಜ್ಜನನ್ನು ಸೇರಿಸಿ ನೆನೆಯುತ್ತಾರೆ.

ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಅಂಚಿನಲ್ಲಿ, ವೇದಾವತಿ ಹೊಳೆಯ ಈಚೆ ದಡದಲ್ಲಿದೆ. ಆಚೆ ದಡದವರ ಮನೆಮಾತು ತೆಲುಗು. ನನ್ನ ಹೆಂಡತಿ ಮೊಳಕಾಲ್ಮೂರಿನ ಮಗ್ಗದ ಮನೆಯವಳು, ಅವಳದೂ ತೆಲುಗೇ. ಸಮಾಧಾನದಲ್ಲಿದ್ದರೆ ಕನ್ನಡದಲ್ಲಿ ‘ಏನ್ರೀ’ ಅನ್ನುತ್ತಾಳೆ. ಸಿಟ್ಟು ಬಂದರೆ ತೆಲುಗಿಗೆ ದಾಟುತ್ತಾಳೆ. ಅಲ್ಲಿ ನನಗೆ ಏಕವಚನ.

ಹೊಳೆ ಎಲ್ಲಿ?

ಬೇಸಿಗೆಯದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ವರ್ಷದ ಮುಕ್ಕಾಲು ಭಾಗ ಅದೇ. ಆಗ ವೇದಾವತಿ ಅಂದರೆ ಮರಳು, ಬಳ್ಳಾರಿ ಜಾಲಿ, ನಡುವೆ ಕುರಿ ಓಡಾಡಿದ ದಾರಿ.

ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಒಂದು ವರ್ಷ ಏಪ್ರಿಲ್ ತಿಂಗಳಲ್ಲಿ ಬಂದ. ಹುಟ್ಟಿದಾಗಿನಿಂದ ಮಗ್ಗದ ಮುಂದೆ ಕೂತವನು. ‘ಅಕ್ಕನ ಮನೆ ಹೊಳೆ ದಂಡೆಯಲ್ಲೈತೆ, ಹೋಗಿ ಮುಳುಗಿ ಎದ್ದು ಬರ್ತೀನಿ’ ಅಂತ ಬೀದಿಯವರಿಗೆಲ್ಲ ಹೇಳಿ, ಟವಲ್ಲು, ಸೋಪು, ಬದಲಾಯಿಸಲು ಬಟ್ಟೆ ಎಲ್ಲ ಕಟ್ಟಿಕೊಂಡು ಬೈಕಿನಲ್ಲಿ ಹೊರಟಿದ್ದ. ಮಧ್ಯಾಹ್ನ ಫೋನು ಬಂತು.

"ಭಾವ, ದಾರಿ ತಪ್ಪಿದೀನಿ. ಹೊಳೆ ಎಲ್ಲೈತೆ?"

"ಈಗ ಎಲ್ಲಿ ನಿಂತಿದೀಯ?"

"ಯಾವ್ದೋ ಬಯಲು ಭಾವ. ಬರೀ ಮರಳು. ಬೈಕಿನ ಚಕ್ರ ಹೂತೋಗೈತೆ. ನೆರಳಿಗೆ ಒಂದು ಮರ ಇಲ್ಲ."

ನಾನು ಮನೆಯ ಹಿಂದಿನ ಬಾಗಿಲು ತೆಗೆದು ನೋಡಿದೆ. ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡೇ, ಕಂಕುಳಲ್ಲಿ ಟವಲ್ಲು ಇಟ್ಟುಕೊಂಡು ನಿಂತಿದ್ದ.

"ಲೇ, ನಡು ಹೊಳೇಲಿ ನಿಂತಿದೀಯ ಕಣೋ. ಜೋಪಾನ, ಹಿಂದೆ ಕುರಿ ಬರ್ತಾವೆ!"

ಒಂಟಿ ಕಾಲಿನ ವಿದ್ಯೆ

ನಮ್ಮೂರಿಗೆ ಕುಡಿಯುವ ನೀರು ಕೊಡುವ ಬೋರು ಇರುವುದು ಆಚೆ ದಡದಲ್ಲಿ. ಈಚೆ ಕೊರೆದಲ್ಲೆಲ್ಲ ದೂಳು ಬಂತು, ಆಚೆ ಸಿಹಿ ನೀರು ಬಂತು. ಪೈಪನ್ನು ಮರಳಿನ ಅಡಿ ಆಳಕ್ಕೆ ಹೂತು ಈಚೆಗೆ ತಂದರು. ಸ್ಟಾರ್ಟರ್ ಡಬ್ಬಿ ಮಾತ್ರ ಅಲ್ಲೇ ಕಂಬದ ಮೇಲೆ ಉಳಿಯಿತು. ದಿನಾ ಬೆಳಿಗ್ಗೆ ನಾನು ಹೊಳೆ ದಾಟಿ ಹೋಗಿ ಮೋಟ್ರು ಹಾಕಬೇಕು, ಟ್ಯಾಂಕ್ ತುಂಬಿದ ಮೇಲೆ ಆರಿಸಿ ಬರಬೇಕು.

ಈಗ ಒಂದು ನಿಜ ಹೇಳುತ್ತೇನೆ. ಆ ಡಬ್ಬಿಯಲ್ಲಿರುವುದು ಎರಡೇ ಬಟನ್ನು. ಹಸಿರು ಒತ್ತಿದರೆ ಮೋಟ್ರು ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಇಷ್ಟೇ ನನ್ನ ವಿದ್ಯೆ. ಆದರೆ ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಈ ಸಂಗತಿ ಊರಿಗೆ ಗೊತ್ತಾದರೆ ನನ್ನನ್ನು ಕೇಳುವವರು ಯಾರು? ಪಂಚಾಯ್ತಿ ಮೆಂಬರ್ರುಗಳ ಮನೆಯಲ್ಲಿ ಬಟನ್ನು ಒತ್ತಲು ಬೆರಳು ಇರುವ ನೆಂಟರಿಗೆ ಬರವಿಲ್ಲ. ಹಾಗಾಗಿ ಯಾರಾದರೂ ನೋಡುತ್ತಿದ್ದರೆ ಕಂಬಕ್ಕೆ ಕಿವಿ ಹಚ್ಚುತ್ತೇನೆ, ಡಬ್ಬಿಯನ್ನು ಮೂರು ಸಲ ತಟ್ಟುತ್ತೇನೆ, ಗಾಳಿ ಮೂಸಿ "ಫೇಸು ಸ್ವಲ್ಪ ಕಮ್ಮಿ ಐತೆ" ಅನ್ನುತ್ತೇನೆ. ನಿಜ ಗೊತ್ತಿರುವುದು ಹೆಂಡತಿಗೆ ಮಾತ್ರ.

ಒಮ್ಮೆ ಮೆಂಬರ್ರು ತಮ್ಮ ಅಳಿಯನನ್ನು ನನ್ನ ಹಿಂದೆ ಕಳಿಸಿದರು. "ನಿನಗೆ ಹುಷಾರಿಲ್ಲದಾಗ ಬೇಕಾಗ್ತೈತೆ, ಇವನಿಗೂ ಒಂದೀಟು ಹೇಳಿಕೊಡು" ಅಂದರು. ನನ್ನ ಕೆಲಸಕ್ಕೇ ಕುತ್ತು ಬಂತು ಅಂದುಕೊಂಡೆ. ಅಳಿಯ ಮೀಸೆ ಬಂದವನು, ಕೈ ಬೇರೆ ಚುರುಕು.

"ಚಪ್ಪಲಿ ಬಿಡು," ಅಂದೆ. ಬಿಟ್ಟ. "ಈಗ ಒಂದೇ ಕಾಲಲ್ಲಿ ನಿಲ್ಲು."

"ಅದ್ಯಾಕಣ್ಣ?"

"ಎರಡೂ ಕಾಲು ನೆಲದ ಮೇಲಿದ್ರೆ ಕರೆಂಟು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರ್ತದೆ. ನನಗಿಂತ ಮೊದಲಿದ್ದವನು ಮರೆತು ಎರಡು ಕಾಲು ಊರಿದ್ದ, ಪಾಪ."

"ಅವನು ಈಗ ಎಲ್ಲವ್ನೆ?"

ನಾನು ಆಕಾಶ ನೋಡಿ ಕೈ ಮುಗಿದೆ. ಮೊದಲಿದ್ದವನು ನಾಯಕನಹಟ್ಟಿಯಲ್ಲಿ ಚಹದ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾನೆ. ಆದರೆ ನಾನು ತಲೆ ತಗ್ಗಿಸುವ ಹೊತ್ತಿಗೆ ಅಳಿಯ ಚಪ್ಪಲಿಯನ್ನೂ ಬಿಟ್ಟು ನಡು ಹೊಳೆ ತಲುಪಿದ್ದ.

ಏಳು ಪುಟ್ಟಿ

ಮಳೆಗಾಲಕ್ಕೆ ಮೊದಲು ತಾಲ್ಲೂಕಿನಿಂದ ಹೊಸ ಗುಮಾಸ್ತ ಬಂದ, ಹೊಳೆ ದಂಡೆಯ ಊರುಗಳ ಪಟ್ಟಿ ಮಾಡಲು. ಬಲು ಮರ್ಯಾದಸ್ಥ. ಎಲ್ಲೋ ದೂರದ ದೊಡ್ಡ ಹೊಳೆಯ ಪಕ್ಕದ ತೆಲುಗು ಮನೆಯವನಂತೆ, ಕನ್ನಡ ಚೆನ್ನಾಗಿಯೇ ಆಡುತ್ತಿದ್ದ.

"ಯಜಮಾನ್ರೇ, ನಿಮ್ಮನೇಲಿ ಪುಟ್ಟಿ ಎಷ್ಟಿದಾವೆ?"

ನಮ್ಮಲ್ಲಿ ಪುಟ್ಟಿ ಅಂದರೆ ಬಿದಿರ ಬುಟ್ಟಿ. ಸರ್ಕಾರ ಈಗ ಪುಟ್ಟಿಗೂ ಏನೋ ಕೊಡುತ್ತದೆ ಅಂದುಕೊಂಡೆ. ಶೇಂಗಾ ಹೊರುವುದು ಮೂರು, ಸಗಣಿಯದು ಎರಡು, ಕಸದ್ದು ಒಂದು, ಕೋಳಿಯದು ಒಂದು.

"ಏಳು," ಅಂದೆ.

"ಏಳಾ! ಎಲ್ಲಾ ನೀವೇ ನಡೆಸ್ತೀರಾ?"

"ನಾನೂ ಹೊರ್ತೀನಿ, ನಮ್ಮ ಮನೆಯಾಕೇನೂ ಹೊರ್ತಾಳೆ."

"ತಲೆ ಮೇಲೆ ಹೊತ್ತು ತಗೊಂಡು ಹೋಗ್ತೀರಾ? ಒಬ್ಬೊಬ್ರೇ?"

"ತಲೆ ಮೇಲಲ್ದೆ ಇನ್ನೆಲ್ಲಿ ಹೊರ್ಲಿ ಸ್ವಾಮಿ?"

ಆತ ಎದ್ದು ನಿಂತು ನನಗೆ ಕೈ ಮುಗಿದ. ಯಾಕೆ ಅಂತ ಆವತ್ತು ತಿಳಿಯಲಿಲ್ಲ. ತೆಲುಗಿನಲ್ಲಿ ಪುಟ್ಟಿ ಅಂದರೆ ಹರಿಗೋಲು, ಬಿದಿರು ಹೆಣೆದು ತೊಗಲು ಹೊದಿಸಿದ ಆ ದುಂಡನೆಯ ದೋಣಿ. ನನ್ನ ಹೆಂಡತಿಯದೂ ತೆಲುಗೇ ಆದರೂ ಮೊಳಕಾಲ್ಮೂರಿನಲ್ಲಿ ದೋಣಿ ಯಾರು ಕಂಡಿದ್ದಾರೆ? ಆ ಮಾತು ನಮ್ಮ ಮನೆಗೆ ಬಂದಿರಲೇ ಇಲ್ಲ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ನುರಿತ ಅಂಬಿಗ, ಏಳು ಹರಿಗೋಲುಗಳ ಮಾಲೀಕ’ ಅಂತ ಬರೆದುಕೊಂಡು ಹೋದ.

ಆ ವರ್ಷ ಮಳೆ ಬಿಡದೆ ಹಿಡಿಯಿತು. ಮೇಲಿನ ಡ್ಯಾಮು ಕೋಡಿ ಬಿತ್ತು ಅಂತ ಸುದ್ದಿ ಬಂದದ್ದೇ ತಡ, ಜೀಪಿನಲ್ಲಿ ತಾಲ್ಲೂಕಿನ ಸಾಹೇಬರು ಬಂದರು. ಜೊತೆಗಿದ್ದ ಗುಮಾಸ್ತ ಇಳಿಯುತ್ತಲೇ ಕೂಗಿದ: "ಎಲ್ರೀ ನಿಮ್ಮ ಪುಟ್ಟಿ? ತಕ್ಷಣ ಹೊಳೆಗೆ ಇಳಿಸಿ!"

ನಾನು ಒಂದೊಂದಾಗಿ ತಂದು ಸಾಲಾಗಿ ಇಟ್ಟೆ. ಸಾಹೇಬರು ಸಗಣಿ ಪುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಗುಮಾಸ್ತನನ್ನು ನೋಡಿದರು. ಗುಮಾಸ್ತ ನೆಲ ನೋಡಿದ.

"ಆರೇ ಇದಾವಲ್ಲ," ಅಂದರು ಕೊನೆಗೆ. ಏನಾದರೂ ಅನ್ನಬೇಕಿತ್ತಲ್ಲ.

ಹೆಂಡತಿ ಒಳಗಿನಿಂದ ಕೂಗಿದಳು: "ಏಳನೇದರಲ್ಲಿ ಕೋಳಿ ಕಾವಿಗೆ ಕೂತೈತೆ ಸಾಹೇಬ್ರೇ. ಇಪ್ಪತ್ತೊಂದು ದಿನ ಬಿಟ್ಟು ಬರ್ರಿ!"

ತಾಲೀಮು

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬರೆದ ಪಟ್ಟಿ ತಿದ್ದುವುದಕ್ಕಿಂತ ಒಂದು ಹರಿಗೋಲು ಕಳಿಸುವುದು ಅವರಿಗೆ ಸುಲಭ ಅಂತ ಕಂಡಿರಬೇಕು. ಮಾರನೇ ದಿನವೇ ಟೆಂಪೋದಲ್ಲಿ ಒಂದು ಬಂತು, ಜೊತೆಗೆ ಒಂದು ಹುಟ್ಟು. ಹೊಳೆ ಇನ್ನೂ ಪೂರ್ತಿ ಬಂದಿರಲಿಲ್ಲ, ಮನೆ ಹಿಂದಿನ ತಗ್ಗಿನಲ್ಲಿ ಎದೆಮಟ್ಟ ನೀರು ನಿಂತಿತ್ತು. ಊರೆಲ್ಲ ನೋಡಲು ಬಂದಿತು. ನಾನು ಕೂತು ಹುಟ್ಟು ಹಾಕಿದೆ. ಹರಿಗೋಲು ಮುಂದಕ್ಕೆ ಹೋಗಲಿಲ್ಲ, ತಿರುಗಿತು. ಇನ್ನೊಂದು ಕಡೆ ಹಾಕಿದೆ. ಆ ಕಡೆಗೆ ತಿರುಗಿತು. ಬೆಳಗಿನ ಮುದ್ದೆ ಗಂಟಲಿಗೆ ಬಂತು. ದಡದಲ್ಲಿ ಕೂತಿದ್ದ ಒಬ್ಬ ಹಿರಿಯರು ಬಹಳ ಹೊತ್ತು ನೋಡಿ ಹೇಳಿದರು:

"ಹಂಗೇ ತಿರುಗ್ತಾ ಇರಪ್ಪಾ. ಒಂದು ಸೇರು ರಾಗಿ ತರ್ತೀನಿ, ಬೀಸಿಕೊಂಡೇ ಹೋಗ್ತೀನಿ."

ಆಚೆ ದಡ

ಮೂರನೇ ದಿನ ಹೊಳೆ ಬಂತು. ಬಂತು ಅಂದರೆ ದಡದಿಂದ ದಡಕ್ಕೆ ಕೆಂಪು ನೀರು. ನಮ್ಮ ಮೋಟು ಸೇತುವೆ ಮುಳುಗಿತು. ಅದನ್ನು ಎತ್ತರಿಸಿ ಅಂತ ಊರಿನವರು ಎಷ್ಟೋ ವರ್ಷದಿಂದ ಅರ್ಜಿ ಕೊಡುತ್ತಲೇ ಇದ್ದಾರೆ. ಸುತ್ತಿಕೊಂಡು ಹೋಗೋಣವೆಂದರೆ ಆ ದಾರಿಯ ಹಳ್ಳವೂ ತುಂಬಿತ್ತು. ಎರಡು ದಿನ ನನಗೆ ಆಚೆ ಹೋಗಲಾಗಲಿಲ್ಲ, ಟ್ಯಾಂಕ್ ಬರಿದಾಯಿತು. ಕಣ್ಣ ಮುಂದೆ ಅಷ್ಟು ನೀರು, ಕುಡಿಯಲು ಒಂದು ತಂಬಿಗೆ ಇಲ್ಲ. ಕೆಂಪು ನೀರು ಸೋಸಿ ಕುಡಿದವರು ಹಿತ್ತಿಲಿಗೆ ಓಡಾಡಿಯೇ ಸುಸ್ತಾದರು. ನನ್ನ ಮನೆ ಮುಂದೆ ಬಿಂದಿಗೆಗಳು ಸಾಲು ನಿಂತವು.

ಮೆಂಬರ್ರಿಗೆ ಉಪಾಯ ಹೊಳೆಯಿತು. "ಬೋರಿನ ಪಕ್ಕದ ಗುಡಿಸಲಲ್ಲಿ ಒಬ್ಬಜ್ಜಿ ಇದಾಳಲ್ಲ? ಅವಳಿಗೆ ಫೋನ್ ಮಾಡಿ ಮೋಟ್ರು ಹಾಕಿಸಿದ್ರೆ ಆಗಲ್ವಾ?"

"ಅಯ್ಯೋ, ಬೇಡ್ರಿ!" ನಾನು ಕಿರುಚಿಯೇಬಿಟ್ಟೆ. "ಗೊತ್ತಿಲ್ದೋರು ಮುಟ್ಟಿದ್ರೆ ಮೋಟ್ರು ಸುಟ್ಟೋಗ್ತೈತೆ. ಅಜ್ಜೀನೂ ಹೋಗ್ತಾಳೆ." ಅಳಿಯ ಹಿಂದಿನಿಂದ "ಹೌದು ಮಾವ, ನಾನು ಕಂಡಿದೀನಿ" ಅಂದ. "ನಾನೇ ಹರಿಗೋಲಲ್ಲಿ ಹೋಗಿ ಬರ್ತೀನಿ," ಅಂದುಬಿಟ್ಟೆ.

ಹೆಂಡತಿ ನನ್ನನ್ನು ಒಳಗೆ ಕರೆದಳು. "ಏನ್ರೀ, ಒಂದು ಬಟನ್ನಿಗೆ ಪ್ರಾಣ ಕೊಡ್ತೀರಾ?"

"ಅದು ಬಟನ್ನು ಅಂತ ಗೊತ್ತಾದ ದಿನ ನನ್ನ ಕೆಲಸ ಹೋಯ್ತು. ಈ ವಯಸ್ಸಲ್ಲಿ ಇನ್ನೇನು ಕೆಲಸ ಕಲೀಲಿ?"

"ನೀಕು ಬುದ್ಧಿ ಉಂದಾ?" ಅಂದಳು. ಬುದ್ಧಿ ಇದೆಯಾ ಅಂತ. ಇರಲಿಲ್ಲ. ಹೊರಟೆ.

ಜಡಿಮಳೆ ಹಿಡಿದಿತ್ತು. ದಡ ಬಿಟ್ಟ ಕೂಡಲೇ ಹರಿಗೋಲು ತಿರುಗಲು ಶುರು ಮಾಡಿತು. ಹೊಳೆಯ ತಿರುವು ದಾಟಿದೆ, ಊರಿನವರು ಮರೆಯಾದರು. ಆಮೇಲೆ ಯಾವುದು ಈಚೆ, ಯಾವುದು ಆಚೆ ಒಂದೂ ತಿಳಿಯಲಿಲ್ಲ. ಮನೆದೇವರಿಗೆ ಹರಕೆ ಹೊತ್ತೆ. ಇನ್ನೊಂದು ಸುತ್ತಿಗೆ ಹರಕೆ ಹೆಚ್ಚಿಸಿದೆ. ನಿಜವಾಗಿಯೂ ಸಾಯುತ್ತೇನೆ ಅನ್ನಿಸಿ ಕಣ್ಣು ಮುಚ್ಚಿದೆ. ಆಗ ಹರಿಗೋಲು ಧಡ್ ಅಂತ ದಡಕ್ಕೆ ಬಡಿಯಿತು. ಯಾರೋ ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದರು. ಮುಖ ಮುಚ್ಚುವಂತೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದ ಒಬ್ಬ ಹೆಂಗಸು.

ಬದುಕಿದೆ! ನನಗೆ ಬರುವ ಹರಕು ತೆಲುಗಿನಲ್ಲಿ ಕೇಳಿದೆ, "ಅಮ್ಮಾ, ಬೋರು ಎಕ್ಕಡ?" ಬೋರು ಎಲ್ಲಿ ಅಂತ.

"ನೀ ಪೆಳ್ಳಾನ್ನಿ ಅಡುಗು," ಅಂದಳು. ನಿನ್ನ ಹೆಂಡತೀನ ಕೇಳು ಅಂತ.

ಅಚ್ಚ ತೆಲುಗು. ಹಾಗಾದರೆ ಆಚೆ ದಡ ಮುಟ್ಟಿದೆ ಅಂತ ಕುಣಿಯುವಷ್ಟು ಖುಷಿಯಾಯಿತು. "ನನ್ನ ಹೆಂಡತಿ ಆ ದಡದಲ್ಲಿದ್ದಾಳಮ್ಮಾ," ಅಂದೆ. ಅವಳು ಕೊಪ್ಪೆ ಸರಿಸಿದಳು.

ನಮ್ಮ ಮನೆಯವಳೇ. ನಾನು ತಿರುಗಿ ತಿರುಗಿ ಈಚೆ ದಡಕ್ಕೇ ಬಂದಿದ್ದೆ. ಅವಳು ಜಾಲಿ ಮುಳ್ಳಿನ ಪೊದೆಗಳ ನಡುವೆ ದಡದುದ್ದಕ್ಕೂ ನನ್ನ ಹಿಂದೆಯೇ ಓಡಿ ಬಂದಿದ್ದಳು. ಕಾಲಿನಲ್ಲಿ ರಕ್ತ ಬರುತ್ತಿತ್ತು. ನನಗೆ ಅಳು ಬಂತು. ಇಷ್ಟು ವರ್ಷದಲ್ಲಿ ಅವಳ ಮುಂದೆ ಅತ್ತದ್ದು ಆವತ್ತೇ. "ಎಲ್ಲಾ ಹೋಯ್ತು ಕಣೇ," ಅಂದೆ. "ನೀರೂ ಇಲ್ಲ, ಕೆಲಸಾನೂ ಇಲ್ಲ."

"ಟ್ಯಾಂಕಿಗೆ ನೀರು ಬೀಳ್ತಾ ಐತೆ," ಅಂದಳು ಕಾಲಿನ ಮುಳ್ಳು ಕೀಳುತ್ತಾ. "ನೀವು ತಿರುವು ದಾಟಿದ ಕೂಡ್ಲೇ ಅಜ್ಜಿಗೆ ಫೋನ್ ಮಾಡ್ದೆ. ಹಸಿರು ಒತ್ತು ಅಂದೆ, ಒತ್ತಿದ್ಲು. ಯಾರಿಗೂ ಹೇಳಬೇಡ ಅಂದಿದೀನಿ. ನೀವು ದಾಟಿ ಹಾಕಿದೀರಿ ಅಂತ ಊರೋರು ತಿಳ್ಕೊಂಡಿರ್ತಾರೆ. ಈಗ ಸಂಜೆ ತನಕ ಈ ಪೊದೆಯೊಳಗೆ ಕೂತಿರ್ರಿ. ಈಗ್ಲೇ ಬಂದ್ರೆ ಯಾವಾಗ ವಾಪಸ್ ದಾಟಿದೆ ಅಂತಾರೆ."

ಇಬ್ಬರೂ ಸೇರಿ ಹರಿಗೋಲನ್ನು ಪೊದೆಯೊಳಗೆ ಎಳೆದು ಮಗುಚಿದೆವು. ನಾನು ಅದರ ಕೆಳಗೆ ಕೂತೆ. ಅವಳು ಊರಿನ ಕಡೆ ಹೋದಳು.

ಒಂದು ಗಂಟೆಯ ಮೇಲೆ ಗದ್ದಲ ಕೇಳಿಸಿತು. ಆಚೆಯ ಸ್ಟಾರ್ಟರ್ ಕಂಬ ಕಾಣುವುದು ಈ ತಿರುವಿನಿಂದಲೇ, ಆದರೆ ಆ ಮಳೆಯಲ್ಲಿ ಅದರ ಬಳಿ ಯಾರಿದ್ದಾರೆ ಅಂತ ತಿಳಿಯುವಂತಿರಲಿಲ್ಲ. ಊರಿಗೆ ಊರೇ ಅಲ್ಲಿಗೆ ಬಂದು, ನನಗೆ ಬೆನ್ನು ಮಾಡಿ ನಿಂತು, ಹೊಳೆಯಾಚೆಗೆ ಕೈ ಬೀಸಿ ಕೂಗುತ್ತಿತ್ತು.

"ಟ್ಯಾಂಕ್ ತುಂಬಿ ಸುರೀತಾ ಐತೆ! ಆರ್ಸೋ!"

"ಲೇ, ಕೇಳ್ತೈತೇನೋ? ಕೆಳಗಿನ ಬೀದಿಗೆ ನೀರು ನುಗ್ಗೈತೆ ಕಣೋ!"

ನನ್ನಿಂದ ಹತ್ತು ಮಾರು ದೂರ. ಕೆಮ್ಮು ಬರುತ್ತಿತ್ತು, ಟವಲ್ಲು ಕಚ್ಚಿಕೊಂಡೆ. "ಪಾಪ, ಹುಟ್ಟು ಹಾಕಿ ಹಾಕಿ ಸುಸ್ತಾಗಿ ಮಲಗಿರಬೇಕು," ಅಂದರು ಯಾರೋ. ಹೆಂಡತಿ ಗುಂಪಿನಿಂದ ಸ್ವಲ್ಪ ಈಚೆ ಬಂದು, ಸೆರಗಿನ ಮರೆಯಲ್ಲಿ ಫೋನು ಹಿಡಿದು, ಮೆಲ್ಲಗೆ ತೆಲುಗಿನಲ್ಲಿ ಏನೋ ಅಂದಳು. ಆಚೆ ದಡದಿಂದ ಬರುತ್ತಿದ್ದ ಮೋಟ್ರಿನ ಸದ್ದು ನಿಂತಿತು.

ಊರೆಲ್ಲ ಚಪ್ಪಾಳೆ ಹೊಡೆಯಿತು. ಮೆಂಬರ್ರು ಗುಂಪಿನ ಮುಂದೆ ಬಂದು ನಿಂತರು. "ಇಂಥವನನ್ನ ಇನ್ನೂ ಖಾಯಂ ಮಾಡಿಲ್ಲ ಅಂದ್ರೆ ನಮಗೆ ನಾಚಿಕೆ ಆಗಬೇಕು," ಅಂದರು. "ಈ ಸಲ ನಾನೇ ನಿಂತು ಮಾಡಿಸ್ತೀನಿ." ಪೊದೆಯೊಳಗೆ ನನಗೆ ಮತ್ತೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕಾದ ಮಾತು ಅದು, ಮುಳ್ಳು ಚುಚ್ಚುತ್ತಿದ್ದುದೂ ಮರೆತುಹೋಯಿತು.

ಮೆಂಬರ್ರು ಕಣ್ಣೊರೆಸಿಕೊಂಡು ಮಾತು ಮುಂದುವರಿಸಿದರು: "ಹಂಗೇ ಆ ಸೇತುವೆ ಅರ್ಜಿ ವಾಪಸ್ ತರಿಸ್ರಪ್ಪಾ. ಮಳೆಗಾಲದಲ್ಲಿ ದಿನಾ ಹರಿಗೋಲಲ್ಲೇ ಹೋಗಿ ಬರ್ತಾನೆ. ಇವನಿರೋ ಊರಿಗೆ ಸೇತುವೆ ಯಾತಕ್ಕೆ?"