ಸರ್ವರ್ ಸಾಹೇಬರಿಗೆ ದಣಿವಾಗಿದೆ

ಕಂಪ್ಯೂಟರಿಗೆ "ಚಾಯ್ ಹುವಾ ಕ್ಯಾ ಸಾಬ್?" ಎಂದು ಕೇಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರು ನನ್ನ ಸ್ವಂತ ಕಾಕಾ!

ತೆಲುಗು ನಾಡಿನ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿ, ಅಲ್ಲೇ ಮನೆ ಮಾಡಿಕೊಂಡು ನಿವೃತ್ತರಾದವರು. ಅವರ ಹಳೆಯ ಮೇಲ್ ಕಂಪನಿ ಒಂದು ದಿನ "ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತೇವೆ, ನಿಮ್ಮ ಮೇಲ್‌ಗಳನ್ನು ಬೇರೆಡೆ ಸಾಗಿಸಿಕೊಳ್ಳಿ" ಎಂದುಬಿಟ್ಟಿತು. ನನ್ನ ನೌಕರಿಯೇ ಅದು! ದೊಡ್ಡ ದೊಡ್ಡ ಕಂಪನಿಗಳ ಮೇಲ್‌ಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವವಳಿಗೆ ಒಬ್ಬ ಕಾಕಾನ ಮೇಲ್ ಯಾವ ಲೆಕ್ಕ?

ಕಾಕಾ ಹುಟ್ಟಿದಾಗಿನಿಂದ ಏನನ್ನೂ ಅಳಿಸಿದವರಲ್ಲ ಎಂಬುದು ಅವರ ಮೇಲ್ ಪೆಟ್ಟಿಗೆ ತೆರೆದ ಮೇಲೆ ತಿಳಿಯಿತು. ಹಬ್ಬದ ಶುಭಾಶಯಗಳು, ಕ್ಯಾಂಟೀನಿನ ಊಟದ ವೇಳೆ ಬದಲಾದ ಸೂಚನೆ, ಯಾರದೋ ಕಳೆದುಹೋದ ಕೊಡೆಯ ವಿಚಾರಣೆ.

"ಇದನ್ನರ ತಗದು ಹಾಕೋಣ್ರಿ ಕಾಕಾ. ಆ ಕೊಡಿ ಎಂದೋ ಸಿಕ್ಕಿರತೈತಿ."

"ಸಿಕ್ಕೈತಿ ಅಂತ ನಿನಗ ಯಾರು ಹೇಳಿದ್ರು? ಇನ್ನೂ ಹುಡುಕಾಕತ್ತಿದ್ರ?"

ಸರಿ, ಕೊಡೆಯನ್ನೂ ಹೊತ್ತೆ. ಸಾಗಾಣಿಕೆ ಶುರುವಾಗಿ ಸ್ವಲ್ಪ ಹೊತ್ತಿಗೆ ಹಳೆಯ ಸರ್ವರ್ ಕೈಯೆತ್ತಿತು. "ಕೋರಿಕೆಗಳು ವಿಪರೀತವಾಗಿವೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ." ಒಬ್ಬರೇ ಒಂದೇ ಸಮ ಕೇಳುತ್ತಿದ್ದರೆ ಸರ್ವರ್ ಹೀಗೆ ತಡೆಯುತ್ತದೆ, ಸುಮ್ಮನೆ ಕಾಯಬೇಕು, ಮತ್ತೆ ಇಲ್ಲವೆಂದರೆ ಇನ್ನೂ ಜಾಸ್ತಿ ಹೊತ್ತು ಕಾಯಬೇಕು ಎಂದು ಕಾಕಾಗೆ ವಿವರಿಸಿದೆ.

"ಪಾಪ! ಸಾಹೇಬ್ರಿಗೆ ದಣಿವಾಗೇತಿ," ಎಂದು ಕಾಕಾ ಪರದೆಯ ಕಡೆ ಬಗ್ಗಿದರು. "ಆರಾಮ್ ಸೇ ಸಾಬ್, ಜಲ್ದಿ ನಕ್ಕೋ! ಚಾಯ್ ಪೀಲೋ!"

"ಅವಸರ ಬ್ಯಾಡ ಅನ್ನಾಕ ಕನ್ನಡ ಯಾಕ ಬಿಟ್ರಿ ಕಾಕಾ?"

"ಸರ್ವರು ಮನಿಯವ್ರೇನವ್ವಾ? ಹೊರಗಿನವ್ರ ಕೂಡ ಹಿಂದೀನ!"

ಮರುದಿನ ನಾನು ಆಫೀಸಿನಲ್ಲಿದ್ದಾಗ ಕಾಕಾಗೆ ಒಂದು ಉಪಾಯ ಹೊಳೆಯಿತು. ರೇಷನ್ ಅಂಗಡಿಯ ಸಾಲಿಗೆ ಮನೆಯಿಂದ ನಾಲ್ಕು ಜನ ಹೋದರೆ ಬೇಗ ಕೆಲಸವಾಗುವುದಿಲ್ಲವೇ? ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಇಂಟರ್ನೆಟ್ ಸಂಪರ್ಕ. ಕಾಕಾ ಅಕ್ಕಪಕ್ಕದ ಎಲ್ಲ ಮನೆಗಳ ಕಂಪ್ಯೂಟರುಗಳಿಂದಲೂ ಏಕಕಾಲಕ್ಕೆ ತಮ್ಮ ಮೇಲ್ ಎಳೆಯತೊಡಗಿದರು. ಸರ್ವರ್ ಸಿಟ್ಟಾಗಿ ಇಡೀ ಕಟ್ಟಡಕ್ಕೇ ಬಹಿಷ್ಕಾರ ಹಾಕಿತು! ಸಂಜೆ ನಾನು ಹೋದಾಗ, ತಮಗೂ ಮೇಲ್ ಬರುತ್ತಿಲ್ಲವೆಂದು ತೆಲುಗಿನಲ್ಲಿ ಕೂಗಾಡುತ್ತಾ, ಅದೇ ಕಂಪನಿಯ ಮೇಲ್ ಬಳಸುವ ನೆರೆಹೊರೆಯೆಲ್ಲ ನಡುಮನೆಯಲ್ಲಿ ಕೂತಿತ್ತು. ಕಾಕಾನ ಹೆಂಡತಿ, ನಮ್ಮ ಕಾಕು, ಸೊಂಟಕ್ಕೆ ಸೆರಗು ಸಿಗಿಸಿದರು.

"ಓಣಿ ಮಂದಿ ಮೇಲ್ ಎಲ್ಲಾ ನಿಲ್ಲಿಸಿ ಕುಂತೀರಿ. ಈಗ ಇವ್ರಿಗೆಲ್ಲಾ ಚಹಾ ಯಾರು ಮಾಡಬೇಕ್ರಿ? ನಿಮ್ಮ ಸಾಹೇಬ್ರು ಬರ್ತಾರೇನು?"

ಸರ್ವರ್ ಬಹಿಷ್ಕಾರ ತೆಗೆದ ಮೇಲೆ ನಾನು ಕೆಲಸವನ್ನು ನಿಧಾನಕ್ಕೆ ಹಚ್ಚಿದೆ. ಹಳೆಯ ಮೇಲ್‌ಗಳು ಮೊದಲು, ಒಂದಿಷ್ಟು ಬಂದ ಮೇಲೆ ವಿಶ್ರಾಂತಿ, ಮತ್ತೆ ಒಂದಿಷ್ಟು. ಆ ವಿಶ್ರಾಂತಿಯ ಹೊತ್ತಿನಲ್ಲಿ ಕಾಕಾ ಏನು ಮಾಡಬೇಕು? ಬಂದ ಮೇಲ್‌ಗಳಿಗೆಲ್ಲ ಉತ್ತರ ಬರೆಯತೊಡಗಿದರು!

"ಕಾಕಾ, ಇವೆಲ್ಲ ಎಷ್ಟೋ ವರ್ಷದ ಹಿಂದಿನವು!"

"ಆವಾಗ ಪುರುಸೊತ್ತ ಇರಲಿಲ್ಲ. ಈಗ ಸಾಹೇಬ್ರು ಕೊಟ್ಟಾರ."

ಮಗುವಿನ ನಾಮಕರಣಕ್ಕೆ ಕರೆದವರಿಗೆ "ಕೂಸು ಆರಾಮ ಐತೇನ್ರಿ?" ಎಂದು ಬರೆದರು. "ಕೂಸಿಗೆ ಮೀಸಿ ಬಂದಾವ್ರಿ" ಎಂದು ಉತ್ತರ ಬಂತು. ಕೊಡೆಯವರಿಗೂ ಬರೆದರು. ಅವರಿಗೆ ಕೊಡೆ ಇನ್ನೂ ಸಿಕ್ಕಿರಲಿಲ್ಲ! "ನೋಡಿದ್ಯಾ?" ಎಂದು ಕಾಕಾ ನನ್ನತ್ತ ನೋಡಿದ ನೋಟವನ್ನು ನಾನು ಹೇಗೆ ಮರೆಯಲಿ? ಕೊನೆಗೆ ಹೊಸ ಸರ್ವರ್ ಕೂಡ "ನೀವು ಕಳಿಸಿದ್ದು ಅತಿಯಾಯಿತು, ನಾಳೆ ಬನ್ನಿ" ಎಂದಿತು.

ಇಷ್ಟರಲ್ಲಿ ಒಂದು ಅನಾಹುತವಾಯಿತು. ಕಾರ್ಖಾನೆಯ ಗೆಳೆಯರೊಬ್ಬರು, ನಮ್ಮ ಕಡೆಯವರೇ, ಈಗ ಅಲ್ಲೇ ಹತ್ತಿರದ ತಾರ್ನಾಕದಲ್ಲಿ ಇರುವವರು, ಹಿಂದೊಮ್ಮೆ ತಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಕರೆದಿದ್ದರು. ಕಾಕಾ ಸಂಭ್ರಮದಿಂದ ಉತ್ತರಿಸಿದ್ದರು: "ನೀವೂ ಸುಮಿತ್ರಾ ಅವ್ರೂ ಇಬ್ರೂ ಹಿಂಗ ಜಗಳಾಡ್ಕೋತ ನೂರು ವರ್ಷ ಇರ್ರಿ." ಮರುದಿನ ಬಂದ ಮೇಲ್‌ಗಳಲ್ಲಿ, ಕಾಕಾ ನಿವೃತ್ತಿಯ ನಂತರ ತೆರೆದೇ ನೋಡದಿದ್ದ ಒಂದು ಸುದ್ದಿಯಿತ್ತು. ಸುಮಿತ್ರಾ ತೀರಿಕೊಂಡಿದ್ದರು.

ಕಾಕಾ ಕುರ್ಚಿಯಲ್ಲಿ ಕುಗ್ಗಿಹೋದರು. "ನಾ ಕಳಿಸಿದ್ದನ್ನ ವಾಪಸ್ ತರಾಕ ಬರತೈತೇನವ್ವಾ?"

"ಬರಂಗಿಲ್ರಿ ಕಾಕಾ."

"ಹೋಗಿ ಮಾಫಿ ಕೇಳಿ ಬರ್ರಿ," ಎಂದು ಕಾಕು ಅಂಗಿ ತಂದುಕೊಟ್ಟರು. ಕಾಕಾ ಗುಂಡಿ ಹಾಕಿಕೊಳ್ಳುತ್ತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅದೇ ಗೆಳೆಯರು! ಕಾಕಾ ಎರಡೂ ಕೈ ಮುಗಿದರು.

"ತಪ್ಪಾತ್ರಿ. ನನಗ ಗೊತ್ತಿರಲಿಲ್ಲ."

ಅವರು ಒಳಗೆ ಬಂದು ಕೂತರು.

"ಮದ್ಲ ಸಿಟ್ಟು ಬಂತ್ರಿ. ಆಮ್ಯಾಲ ಇನ್ನೊಮ್ಮೆ ಓದಿದೆ. ಆಕಿ ಹೋದ ಮ್ಯಾಲ ಮಂದಿ ನನ್ನ ಮುಂದ ಆಕಿ ಹೆಸರ ತಗೊಳ್ಳೂದಿಲ್ರಿ. ನನಗ ನೋವಾಗತೈತಂತ. ನೀವು 'ಇಬ್ರೂ' ಅಂತ ಬರದ್ರಿ. ಭಾಳ ದಿವ್ಸದ ಮ್ಯಾಲ ನಾವು ಇಬ್ರಾದ್ವಿ ನೋಡ್ರಿ."

ಕಾಕಾ ತಮ್ಮ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡರು.

"ಹೇಳ್ರಿ. ಜಗಳದಾಗ ಗೆಲ್ತಿದ್ದವ್ರು ಯಾರು?"

"ಆಕೀನ! ಯಾವಾಗ್ಲೂ ಆಕೀನ!" ಎಂದು ಅವರು ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮೊಟ್ಟಮೊದಲ ಜಗಳದಿಂದ ಹೇಳಲು ಶುರುಮಾಡಿದರು.