ಹಾಯಾಗಿ ಹೊರಟ ಮದುವೆ ಕೇಕು

ಹಡಗಿನ ಟಿಕೆಟ್ ಕೊಂಡು ನಮ್ಮ ಬೆಕ್ವೇ ದ್ವೀಪದಿಂದ ಕ್ಯಾರಿಯಾಕೂಗೆ ಹೋಗುವುದು ಗಂಡಸಿಗೆ ಶೋಭೆಯಲ್ಲ ಎಂದು ಊಟದ ಮೇಜು ಗುದ್ದಿ ಘೋಷಿಸಿದೆ! ಗುದ್ದಿದ ರಭಸಕ್ಕೆ ಮೀನಿನ ಸಾರು ಚೆಲ್ಲಿತು. ಅದನ್ನು ಒರೆಸುತ್ತಲೇ ಭಾಷಣ ಮುಂದುವರಿಸಿದೆ.

"ಹಾಯಿ ಕಟ್ಟಿದವನು ಹಾಯಾಗಿ ಹೋಗ್ತಾನೆ! ನಿನ್ನ ತಮ್ಮನ ಮಗಳ ಮದುವೆಗೆ ನಮ್ಮ ದೋಣೀಲೇ ಹೋಗೋಣ."

ನನ್ನ ಹೆಂಡತಿ ಆಗಸ್ಟಾ ಕ್ಯಾರಿಯಾಕೂ ದ್ವೀಪದಲ್ಲಿ ದೋಣಿ ಕಟ್ಟುವ ಸೈಪ್ರಿಯನ್ ಅವರ ಹಿರಿಮಗಳು. ನಡೆಯಲು ಕಲಿಯುವ ಮೊದಲೇ ಚುಕ್ಕಾಣಿ ಹಿಡಿದವಳು. ನಾನೋ, ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕುಳಿತು ನಿವೃತ್ತನಾದವನು. ಹಳೆಯ ಹಾಯಿದೋಣಿಯೊಂದನ್ನು ಕೊಂಡು ಎಂಟು ತಿಂಗಳಾಗಿತ್ತು. ಬಂದರಿನೊಳಗೇ ಸುತ್ತು ಹೊಡೆದು, ಬಂದರನ್ನು ಸಂಪೂರ್ಣವಾಗಿ ಜಯಿಸಿದ್ದೆ.

"ಎಲ್ರಿಕ್, ಇಷ್ಟು ವರ್ಷ ಊರೋರ ಕಾಗದಾನೆಲ್ಲ ತಪ್ಪು ದ್ವೀಪಕ್ಕೆ ಕಳಿಸಿದೆ. ಈಗ ನಮ್ಮನ್ನೇ ಕಳಿಸ್ತೀಯಾ?"

"ನಂಬಿಕೆ ಇಲ್ದಿದ್ರೆ ನೀನು ಹಡಗು ಹತ್ತು. ಮದುವೆ ಕೇಕು ನಾನು ತರ್ತೀನಿ!"

"ಅದೊಂದನ್ನೇ ನಿನ್ನ ಜೊತೆ ಕಳಿಸ್ಲಾ? ಪಾಪ, ಅದಕ್ಕೆ ಈಜಕ್ಕೆ ಬರಲ್ಲ!"

ಹಣ್ಣುಗಳನ್ನು ಆರು ತಿಂಗಳು ರಮ್ಮಿನಲ್ಲಿ ನೆನೆಹಾಕಿ ಮಾಡಿದ ಮೂರು ಅಂತಸ್ತಿನ ಕರಿ ಕೇಕು ಅದು. ಅದನ್ನು ಕತ್ತರಿಸದೆ ನಮ್ಮ ಕಡೆ ಮದುವೆ ಮುಗಿಯುವುದಿಲ್ಲ. ದೋಣಿಯ ಕೋಣೆಯಲ್ಲಿ ಅದಕ್ಕೆ ದಿಂಬುಗಳ ಸಿಂಹಾಸನ, ಪಕ್ಕದಲ್ಲಿ ಅಂಗರಕ್ಷಕಿಯಾಗಿ ಆಗಸ್ಟಾ!

ಶನಿವಾರ ಬೆಳಕು ಹರಿಯುವಾಗ ಹೊರಟೆವು. ಗಾಳಿ ಬೆನ್ನಿಗಿತ್ತು. ಕ್ಯಾನುವಾನ್ ಹಿಂದೆ ಬಿತ್ತು, ಮೇರೋ ಹಿಂದೆ ಬಿತ್ತು, ಯೂನಿಯನ್ ದ್ವೀಪವೂ ಸೋತು ಹಿಂದೆ ಸರಿಯಿತು! ಸಮುದ್ರವೆಂದರೆ ಇಷ್ಟೇನಾ ಅನ್ನಿಸಿತು. ಅಷ್ಟರಲ್ಲಿ ಪ್ರವಾಸಿಗರ ಬಿಳಿ ದೋಣಿಯೊಂದು ಎದುರಾಗಿ, ಅದರಲ್ಲಿದ್ದವರು ಕೈ ಬೀಸಿದರು. ನಾನು ಚುಕ್ಕಾಣಿ ಬಿಟ್ಟು ಎದ್ದು ನಿಂತು, ಟೋಪಿ ತೆಗೆದು, ಸೊಂಟ ಬಗ್ಗಿಸಿ ವಂದಿಸಿದೆ.

ದಡಕ್!

"ಏನದು ಸದ್ದು?" ಎಂದಳು ಆಗಸ್ಟಾ ಒಳಗಿನಿಂದ.

"ಏನಿಲ್ಲ, ಸ್ವಲ್ಪ ವಿಶ್ರಾಂತಿ!"

"ದೋಣಿಗಾ, ನಿನಗಾ?"

ಮೊಪಿಯಾನ್ ಪಕ್ಕದ ಮರಳಿನಲ್ಲಿ ದೋಣಿ ಕೂತುಬಿಟ್ಟಿತ್ತು. ಮೊಪಿಯಾನ್ ಎಂದರೆ ಹುಲ್ಲಿನ ಛತ್ರಿಯೊಂದನ್ನು ನೆಟ್ಟಿರುವ ಮರಳ ದಿಬ್ಬ. ನಾಲ್ಕು ಮೇಕೆ ಮಲಗಿದರೆ ಐದನೆಯದು ನಿಂತೇ ಇರಬೇಕು. ಮದುವೆ ನಾಲ್ಕು ಗಂಟೆಗೆ. ಆಗಲೇ ಹನ್ನೆರಡಾಗಿತ್ತು.

ಆಗಸ್ಟಾ ಹೊರಗೆ ಬಂದು ಬಗ್ಗಿ ನೋಡಿದಳು. "ಭಾರ ಇಳಿಸ್ಬೇಕು. ನೀರಿನ ಡ್ರಮ್ ಚೆಲ್ಲು."

ಚೆಲ್ಲಿದೆ. ದೋಣಿ ಅಲುಗಲಿಲ್ಲ.

"ಇನ್ನೇನಿದೆ ಭಾರವಾದ್ದು?"

ಇಬ್ಬರೂ ಕೇಕನ್ನು ನೋಡಿದೆವು. ಆಮೇಲೆ ಆಗಸ್ಟಾಳ ದೃಷ್ಟಿ ನಿಧಾನವಾಗಿ ನನ್ನ ಹೊಟ್ಟೆಯ ಕಡೆ ತಿರುಗಿತು.

"ಇಳಿ," ಎಂದಳು.

ಸೊಂಟಮಟ್ಟ ನೀರಿಗಿಳಿದೆ. ಬೆನ್ನು ಕೊಟ್ಟು, ಹಲ್ಲು ಕಚ್ಚಿ, ಕಣ್ಣಲ್ಲಿ ನಕ್ಷತ್ರ ಕಾಣುವವರೆಗೆ ನೂಕಿದೆ. ದೋಣಿ ಸರ್ರನೆ ಜಾರಿತು! "ಗೆದ್ದೇ!" ಎಂದು ಎರಡೂ ಕೈ ಎತ್ತಿದೆ. ಎತ್ತಬಾರದಿತ್ತು. ಹಾಯಿ ಇಳಿಸುವುದನ್ನೇ ಮರೆತಿದ್ದೆ! ದೋಣಿ ಗಾಳಿ ತುಂಬಿಕೊಂಡು ಹೊರಟೇಹೋಯಿತು. ಆಗಸ್ಟಾ ಹಾರಿ ಚುಕ್ಕಾಣಿ ಹಿಡಿದಳು.

"ಆಗಸ್ಟಾ! ತಿರುಗಿಸೇ!"

"ತಿರುಗಿಸಿದ್ರೆ ಕೇಕು ಉರುಳುತ್ತೆ!"

"ಮತ್ತೆ ನಾನು?"

"ನೀನು ಉರುಳಲ್ಲ ಬಿಡು! ಛತ್ರಿ ಕೆಳಗೆ ಕೂತ್ಕೋ, ಯಾರಾದ್ರೂ ಸಿಗ್ತಾರೆ!"

ಆ ಸಾಮ್ರಾಜ್ಯವನ್ನು ಒಂದು ಗಂಟೆ ಒಬ್ಬನೇ ಆಳಿದೆ. ಪ್ರವಾಸಿ ಹೆಂಗಸೊಬ್ಬಳು ಈಜಿಕೊಂಡು ಬಂದು, ನಾನು ಛತ್ರಿಯ ಕಾವಲುಗಾರನೆಂದು ತಿಳಿದು, ತಣ್ಣಗೆ ಕುಡಿಯಲು ಏನಿದೆ ಎಂದು ಕೇಳಿದಳು! ಕೊನೆಗೆ ಸೀಗಡಿ ಹಿಡಿಯುವ ಲೆನೊಕ್ಸ್ ತನ್ನ ದೋಣಿ ತಂದು ನಿಲ್ಲಿಸಿದ.

"ಅಂಚೆ ಮಾವ! ನಿಮ್ಮನ್ನ ಇಲ್ಲಿಗೆ ಯಾರು ಪೋಸ್ಟ್ ಮಾಡಿದ್ರು?"

"ಕ್ಯಾರಿಯಾಕೂಗೇ ಹಾಕಿದ್ರಪ್ಪ, ಸ್ಟಾಂಪು ಸಾಲಲಿಲ್ಲ! ಮೊದಲು ಎತ್ತಿಕೋ!"

ಒದ್ದೆ ಪ್ಯಾಂಟಿನಲ್ಲಿ, ಸೀಗಡಿಯ ಸುವಾಸನೆ ಬೀರುತ್ತ ಚರ್ಚಿನ ಕೊನೆಯ ಬೆಂಚಿಗೆ ತಲುಪಿದೆ. ಕೇಕಿನ ಸಕ್ಕರೆ ಹೂವೊಂದೂ ಅಲುಗಿರಲಿಲ್ಲ! ಊಟದ ಹೊತ್ತಿಗೆ ಎಂಬತ್ತಾರರ ನನ್ನ ಮಾವ ಸೈಪ್ರಿಯನ್ ಕೋಲೂರಿ ಎದ್ದು ನಿಂತರು. ಮದುವೆಯಾದ ದಿನದಿಂದ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಇನ್ನು ಮಂಗಳಾರತಿ ಎಂದುಕೊಂಡು ತಲೆ ತಗ್ಗಿಸಿದೆ.

"ಆಗಸ್ಟಾ ಎಲ್ಲಾ ಹೇಳಿದ್ಲು," ಎಂದರು ಮಾವ. "ದೋಣಿ ಮರಳಿಗೆ ಸಿಕ್ಕಾಗ ಇವನು ಕೇಕು ಎಸೀಲಿಲ್ಲ, ಲಂಗರು ಎಸೀಲಿಲ್ಲ. ತನ್ನನ್ನೇ ನೀರಿಗೆ ಎಸ್ಕೊಂಡ! ಎಲ್ರಿಕ್, ಇವತ್ತಿಂದ ನೀನು ನಮ್ಮನೆ ಕ್ಯಾಪ್ಟನ್ ಕಣೋ!"

ಡೋಲು ಮೊಳಗಿದವು, ಜನ ಕೇಕೆ ಹಾಕಿದರು, ಮದುಮಗಳೇ ಬಂದು ಕೇಕಿನ ದೊಡ್ಡ ತುಂಡು ನನ್ನ ಬಾಯಿಗಿಟ್ಟಳು. ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿ ಹಾರಿ ಪಾದ್ರಿಯವರ ಲೋಟಕ್ಕೆ ಬಿತ್ತು!

"ಕೇಳಿಸ್ಕೊಂಡ್ಯಾ?" ಎಂದೆ ಆಗಸ್ಟಾಳ ಕಡೆ ವಾಲಿ. "ಕ್ಯಾಪ್ಟನ್! ನಾಳೆ ವಾಪಸ್ ಹೋಗೋವಾಗ ನನ್ನ ಕೈಯೇ ಮೇಲು."

"ಚುಕ್ಕಾಣಿ ನನ್ನದೇ," ಎಂದಳು ಬೆರಳಿನ ಕೇಕು ನೆಕ್ಕುತ್ತ. "ಆದ್ರೆ ನೀನು ಬರಲೇಬೇಕು. ನೀನಿಲ್ದೆ ಆಗೋದೇ ಇಲ್ಲ."

ನನ್ನ ಕಣ್ಣು ತುಂಬಿ ಬಂತು. "ನಿಜವಾಗ್ಲೂ?"

"ಹೂಂ. ನಾಳೆ ಎದುರುಗಾಳಿ. ದೋಣಿ ವಾಲದ ಹಾಗೆ ಒಂದು ಕಡೆ ಏನಾದ್ರೂ ಭಾರವಾದ್ದು ಕೂರಿಸ್ಬೇಕು. ಕೇಕು ಖಾಲಿಯಾಯ್ತಲ್ಲ!"